ಹಂಪು

ಕನ್ನಡಿಗರು, ಮಲಯಾಳಿಗಳು, ತುಳುವರು, ಕೊಂಕಣಿಗರು ಎಲ್ಲರೂ ಒಂದೇ ಹೆಸರಿನಿಂದ ಕರೆದು, ತಮ್ಮ ತಮ್ಮ ಭಾಷೆಯಲ್ಲಿ ಬೈಯುವ ವಸ್ತು ನಮ್ಮ ಕಾಸರಗೋಡಿನಲ್ಲಿ ಒಂದುಂಟು. ಅದು ಹಂಪು. ಪತ್ರಿಕೆಯವರು ಅದನ್ನು ರಸ್ತೆ ಉಬ್ಬು ಎಂದು ಬರೆಯುತ್ತಾರೆ. ಆದರೆ ತಲೆ ಆಟೋದ ಕಂಬಿಗೆ ಬಡಿದಾಗ ಯಾರ ಬಾಯಲ್ಲಿಯೂ ಆ ಶಬ್ದ ಬರುವುದಿಲ್ಲ.

ನಮ್ಮೂರಿನ ಶಾಲೆಯ ಎದುರು ಒಂದಲ್ಲ, ಮೂರು ಹಂಪುಗಳು. ನಾನು ದಿನವೂ ಪೇಟೆಗೆ ಹೋಗುವ ಆಟೋದವರ ದೂರು ಇದು: “ಮಾಷ್ಟ್ರೇ, ಒಂದೊಂದು ಹಂಪಿಗೂ ಒಂದೊಂದು ಚಾಯದ ದುಡ್ಡು ಹೋಗ್ತದೆ. ಕೇಳುವವರು ಯಾರು?”

ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಇಂತಹ ಮಾತು ಕೇಳಿದರೆ ಲೆಕ್ಕ ಮಾಡದೆ ನಿದ್ದೆ ಬಾರದು. ಒಂದು ಟನ್ ತೂಕದ ಕಾರು ಗಂಟೆಗೆ 50 ಕಿಲೋಮೀಟರಿನಿಂದ 15ಕ್ಕೆ ಇಳಿದರೆ ಅದರ ಚಲನಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಮತ್ತೆ 50ಕ್ಕೆ ಏರಬೇಕಾದರೆ ಅಷ್ಟನ್ನೂ ಪೆಟ್ರೋಲೇ ಕೊಡಬೇಕು. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಕ್ರಕ್ಕೆ ಸಿಗುತ್ತದೆಂದು ಹಿಡಿದರೆ ಒಂದು ಹಂಪಿಗೆ ಸುಮಾರು 10 ಮಿಲಿಲೀಟರ್, ಅಂದರೆ ಎರಡು ಚಮಚ. ಲೀಟರಿಗೆ ನೂರು ರೂಪಾಯಿ ದಾಟಿದ ಈ ಕಾಲದಲ್ಲಿ ಒಂದು ರೂಪಾಯಿ ಚಿಲ್ಲರೆ. ಹಗುರವಾದ ಆಟೋಕ್ಕೆ ಅದರ ಅರ್ಧವೂ ಆಗದು. ಚಾಯಕ್ಕೆ ಸಾಲದು, ನಿಜ. ಆದರೆ ದಿನಕ್ಕೆ ನೂರು ಸಲ ಹಂಪು ಹತ್ತಿ ಇಳಿಯುವವನಿಗೆ ಅದು ಮನೆಯ ಅಕ್ಕಿಯ ದುಡ್ಡು. ಅವರ ದೂರನ್ನು ನಗೆಯಾಡುವಂತಿಲ್ಲ.

ಆದರೂ ಈ ನಷ್ಟದಲ್ಲಿ ಹಂಪಿನ ಪಾಲೆಷ್ಟು, ನಮ್ಮ ಅವಸರದ ಪಾಲೆಷ್ಟು? ಎರಡು ಹಂಪುಗಳ ನಡುವೆ ನುಗ್ಗಿ, ಮತ್ತೆ ಬ್ರೇಕ್ ಒತ್ತುವವನಿಗೇ ಹೆಚ್ಚು ಖರ್ಚು. ದೂರದಿಂದಲೇ ಕಾಲು ತೆಗೆದು, ಮೆಲ್ಲನೆ ದಾಟಿ, ಅದೇ ಹದದಲ್ಲಿ ಮುಂದಿನದಕ್ಕೆ ಹೋಗುವವನಿಗೆ ಬಹಳ ಕಡಿಮೆ. ಹಾಗೆ ಹೋಗಬೇಕಾದರೆ ಹಂಪು ದೂರದಿಂದ ಕಾಣಬೇಕಲ್ಲ! ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿಯೇ ಅಳತೆ ಹೇಳಿತ್ತು: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, 40 ಮೀಟರ್ ಮೊದಲೇ ಎಚ್ಚರಿಕೆಯ ಫಲಕ. ಅಂತಹ ಹಂಪನ್ನು 25 ಕಿಲೋಮೀಟರ್ ವೇಗದಲ್ಲಿ ಸುಖವಾಗಿ ದಾಟಬಹುದು. ನಮ್ಮಲ್ಲಿಯದೋ, ಉಳಿದ ಡಾಮರಿನಿಂದ ಎಬ್ಬಿಸಿದ ಗದ್ದೆಯ ಹುಣಿ. ಬಿಳಿ ಬಣ್ಣ ಒಂದು ಮಳೆಗಾಲ ಕಾಣುವುದಿಲ್ಲ. ಫಲಕವಿದ್ದರೂ ಮಲಯಾಳದಲ್ಲಿ ಮಾತ್ರ. ಪುತ್ತೂರು, ಸುಳ್ಯದ ಕಡೆಯಿಂದ ಬರುವವರಿಗೂ ನಮ್ಮ ಹಿರಿಯರಿಗೂ ಅದನ್ನು ಓದಿ ಹೇಳುವುದು ಕೊನೆಗೆ ಹಂಪೇ. ಅದರ ಭಾಷೆ ಬೆನ್ನೆಲುಬಿಗೆ ನೇರವಾಗಿ ತಿಳಿಯುತ್ತದೆ.

ಹಂಪು ಸಣ್ಣ ಬುದ್ಧಿಯವರ ಕೆಲಸವೆಂದೂ ತಿಳಿಯಬೇಡಿ. ಭೌತಶಾಸ್ತ್ರಕ್ಕೆ 1927ರಲ್ಲಿ ನೊಬೆಲ್ ಪಡೆದ ಆರ್ಥರ್ ಕಾಂಪ್ಟನ್ 1953ರಲ್ಲಿ ಅಮೆರಿಕದ ಸೈಂಟ್ ಲೂಯಿಸ್‌ನ ತಮ್ಮ ವಿಶ್ವವಿದ್ಯಾಲಯದ ರಸ್ತೆಗೆ ಇಂತಹ ಉಬ್ಬುಗಳನ್ನು ರಚಿಸಿದ್ದರು. ವೇಗ ಅರ್ಧಕ್ಕಿಳಿದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ಕಾಲುಭಾಗಕ್ಕೆ ಇಳಿಯುತ್ತದೆ. ರಸ್ತೆ ದಾಟುವ ಮಗುವಿಗೆ ಉಳಿದ ಮುಕ್ಕಾಲು ಭಾಗವೇ ಆಯುಸ್ಸು.

ಉಬ್ಬಿನ ಬಗ್ಗೆ ನಮಗೆ, ಗಡಿಯವರಿಗೆ, ಬೇರೊಂದು ನೆನಪೂ ಉಂಟು. 2020ರ ಮಾರ್ಚ್‌ನಲ್ಲಿ, ಕೋವಿಡ್ ಕಾಲದಲ್ಲಿ, ಕರ್ನಾಟಕಕ್ಕೆ ಹೋಗುವ ಹಲವು ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ನಮ್ಮ ಕಡೆಯ ಕೆಲವು ರೋಗಿಗಳು ಆ ದಿನಗಳಲ್ಲಿ ಗಡಿ ದಾಟಲಾರದೆ ತೀರಿಕೊಂಡರು. ಹಂಪು ‘ಮೆಲ್ಲನೆ ಬಾ’ ಎನ್ನುತ್ತದೆ. ಆ ಮಣ್ಣಿನ ರಾಶಿ ‘ಬರಲೇಬೇಡ’ ಎಂದಿತ್ತು. ಅಂದಿನಿಂದ ನನಗೆ ಹಂಪಿನ ಮೇಲೆ ಮೊದಲಿನಷ್ಟು ಸಿಟ್ಟಿಲ್ಲ. ಆದರೆ ಆಂಬ್ಯುಲೆನ್ಸಿನಲ್ಲಿ ಮಲಗಿದವರಿಗೆ ಅಳತೆ ತಪ್ಪಿದ ಒಂದೊಂದು ಹಂಪೂ ಒಂದೊಂದು ಪೆಟ್ಟು ಎಂಬುದೂ ಮರೆಯತಕ್ಕದ್ದಲ್ಲ.

ಲೆಕ್ಕವನ್ನೆಲ್ಲ ಆಟೋದವರಿಗೆ ಒಪ್ಪಿಸಿದೆ. ಅವರ ಮಗಳೂ ಅದೇ ಶಾಲೆಗೆ ಹೋಗುವವಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ತೆಗೆಯುವುದು ಬೇಡ ಮಾಷ್ಟ್ರೇ, ಸರಿ ಮಾಡಿದರೆ ಸಾಕು” ಎಂದರು. ಮನವಿಯನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದು ಕೊಟ್ಟಿದ್ದೇವೆ. ಮೊದಲ ಸಹಿ ಅವರದು.