ಕಿರುಪಿರಂಗಿಗಳ ಕುಲಗೋತ್ರ

ವಿಜಯಪುರದ ಮಲಿಕ್-ಎ-ಮೈದಾನ್ ತೋಪಿಗೆ ಹೆಸರಿದೆ, ಚರಿತ್ರೆಯಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಆ ಕಂಚಿನ ಪಿರಂಗಿಯ ಜನ್ಮವೃತ್ತಾಂತ ಅದರ ಮೈಮೇಲೆಯೇ ಬರೆದಿದೆ. ಒಂದೆರಡು ಮೊಳ ಉದ್ದದ ಕಬ್ಬಿಣದ ಕಿರುಪಿರಂಗಿಗೆ ಆ ಭಾಗ್ಯವಿಲ್ಲ. ಹಳೆಯ ಮನೆಯ ಅಟ್ಟದಲ್ಲೋ ದೇವಾಲಯದ ಉಗ್ರಾಣದಲ್ಲೋ ಅದು ದೊರೆತಾಗ ‘ಟಿಪ್ಪುವಿನ ಕಾಲದ್ದು’ ಎಂಬ ಒಂದೇ ಮಾತಿನಿಂದ ವಿಚಾರಣೆ ಮುಗಿದುಹೋಗುವುದುಂಟು.

‘ಪಿರಂಗಿ’ ಎಂಬ ಪದ ಐರೋಪ್ಯರನ್ನು ಸೂಚಿಸುವ ‘ಫರಂಗಿ’ಯಿಂದ ಬಂದುದು; ‘ತೋಪು’ ತುರ್ಕಿ ಮೂಲದ್ದು. ಹೆಸರು ಪರದೇಶದ್ದಾದ ಮಾತ್ರಕ್ಕೆ ವಸ್ತುವೂ ಪರದೇಶದ್ದಾಗಬೇಕಿಲ್ಲ. ಅದನ್ನು ನಿರ್ಣಯಿಸಲು ಮೊದಲು ಲೋಹವನ್ನು ನೋಡಬೇಕು. ಭಾರತದ ಸಾಂಪ್ರದಾಯಿಕ ಕುಲುಮೆಗಳು ಕೊಡುತ್ತಿದ್ದುದು ಬಡಿದು ರೂಪಿಸಬಲ್ಲ ಮೆದುಕಬ್ಬಿಣ. ಕಮ್ಮಾರರು ಉದ್ದನೆಯ ಪಟ್ಟಿಗಳನ್ನು ಕೊಳವೆಯಾಗಿ ಜೋಡಿಸಿ, ಅದರ ಮೇಲೆ ಕಾದ ಬಳೆಗಳನ್ನು ತೊಡಿಸಿ ನಳಿಗೆಯನ್ನು ಮಾಡುತ್ತಿದ್ದರು. ಬಳೆಗಳ ಸಂದುಗಳು ಕಂಡರೆ ಅದು ಸ್ಥಳೀಯ ಕೆಲಸವಾಗಿರುವ ಸಂಭವ ಹೆಚ್ಚು. ಇಂಗ್ಲೆಂಡಿನಲ್ಲಾದರೋ 1543ರಿಂದಲೇ ಕಬ್ಬಿಣದ ತೋಪುಗಳನ್ನು ಇಡಿಯಾಗಿ ಎರಕ ಹೊಯ್ಯುತ್ತಿದ್ದರು. ಸಂದಿಲ್ಲದ ಎರಕದ ನಳಿಗೆ ಸಾಮಾನ್ಯವಾಗಿ ಹಡಗಿನ ದಾರಿಯಲ್ಲಿ ಬಂದುದು. ಇಲ್ಲವೇ ಅಲಂಕಾರಕ್ಕೆಂದು ಇತ್ತೀಚೆಗೆ ಮಾಡಿದ ಅನುಕೃತಿ.

ಎರಡನೆಯ ಸಾಕ್ಷಿ ಅಕ್ಷರ. ಡಚ್ಚರ ಕಂಪನಿಯ ತೋಪುಗಳಲ್ಲಿ ವಿ, ಓ, ಸಿ ಅಕ್ಷರಗಳ ಹೆಣಿಗೆಯಿರುತ್ತದೆ. ಬ್ರಿಟಿಷ್ ಸರ್ಕಾರದ ಸ್ವತ್ತಿನ ಮೇಲೆ ಅಗಲವಾದ ಬಾಣದ ಗುರುತು. ಇಂಗ್ಲಿಷ್ ತೋಪುಗಳಲ್ಲಿ 6-2-14 ಎಂಬಂತಹ ಮೂರು ಅಂಕಿಗಳಿದ್ದರೆ ಅದು ಇಸವಿಯಲ್ಲ, ತೂಕ. 6 ಹಂಡ್ರೆಡ್‌ವೆಯ್ಟ್, 2 ಕ್ವಾರ್ಟರ್, 14 ಪೌಂಡ್; 112 ಪೌಂಡಿಗೆ ಒಂದು ಹಂಡ್ರೆಡ್‌ವೆಯ್ಟ್ ಆದುದರಿಂದ ಒಟ್ಟು 742 ಪೌಂಡ್.

ಮೂರನೆಯದು ಆಕಾರ, ಉದ್ದೇಶವನ್ನು ಹೇಳುವುದು ಅದೇ. ನಳಿಗೆಯ ಎರಡು ಪಕ್ಕದ ಗೂಟಗಳನ್ನು ಕಬ್ಬಿಣದ ಕವಲು ಹಿಡಿದಿದ್ದರೆ ಅದು ಹಡಗಿನ ಅಂಚಿನಲ್ಲೋ ಕೋಟೆಗೋಡೆಯ ಮೇಲೋ ಅತ್ತಿತ್ತ ತಿರುಗುತ್ತಿದ್ದ ಆಯುಧ. ಬಾಯಿ ಸುಮಾರು 5 ಸೆಂಟಿಮೀಟರ್ ಅಗಲವಿದ್ದರೆ ಒಂದು ಪೌಂಡಿನ ಗುಂಡು ಅದರದು. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲಿ ಆನೆ ಹೊರುವ ಗಜನಾಳ್, ಒಬ್ಬನೇ ಮನುಷ್ಯ ಹೊರಬಲ್ಲ ನರನಾಳ್ ಎಂಬ ಭೇದಗಳಿವೆ. ಕಿರಿದಾದುದೆಲ್ಲ ಆಟಿಕೆಯಲ್ಲ ಎಂಬುದಕ್ಕೆ ಇದು ಪ್ರಮಾಣ.

ಗಿಡ್ಡಗೆ, ದಪ್ಪಗೆ, ಗೂಟಗಳಿಲ್ಲದೆ ನೆಟ್ಟಗೆ ನಿಲ್ಲುವ ನಳಿಗೆಯ ಕಥೆಯೇ ಬೇರೆ. ಅದು ಕರಾವಳಿಯ ದೇವಾಲಯಗಳ ಕದಿನ. ಮದ್ದು ತುಂಬಿ ಮೇಲೆ ಮಣ್ಣನ್ನೋ ಇಟ್ಟಿಗೆಯ ಪುಡಿಯನ್ನೋ ಗಟ್ಟಿಸಿ ಸಿಡಿಸುವ ಅದಕ್ಕೆ ಗುಂಡಿಲ್ಲ, ಶತ್ರುವಿಲ್ಲ. ಉತ್ಸವದ ವಾರ್ತೆಯನ್ನು ಊರಿಗೆ ಮುಟ್ಟಿಸುವುದಷ್ಟೇ ಅದರ ಕಾಯಕ. ಮೈಸೂರು ದಸರೆಯ 21 ಕುಶಾಲತೋಪುಗಳಲ್ಲಿಯೂ ಹೊಮ್ಮುವುದು ಸದ್ದು ಮಾತ್ರ. ಇಂತಹುದನ್ನು ಯುದ್ಧದ ಆಯುಧವೆಂದು ಕರೆದರೆ ಒಂದು ಊರಿನ ಹಬ್ಬದ ನೆನಪು ಅಳಿದು, ನಡೆಯದ ಕದನವೊಂದು ಚರಿತ್ರೆಯನ್ನು ಸೇರುತ್ತದೆ.

ಪರೀಕ್ಷಕರು ಮರೆಯಬಾರದ ಇನ್ನೊಂದು ಸಂಗತಿಯಿದೆ. 2013ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಹದಿನೆಂಟನೆಯ ಶತಮಾನದ ತೋಪೊಂದನ್ನು ಶುಚಿಗೊಳಿಸುವಾಗ ಒಳಗೆ ಮದ್ದೂ ಗುಂಡೂ ಹಾಗೆಯೇ ಇದ್ದವು. ಆದುದರಿಂದ ಹಳೆಯ ನಳಿಗೆಯನ್ನು ಕಾಯಿಸುವುದು, ಕೊರೆಯುವುದು ಸಲ್ಲದು. ತುಕ್ಕನ್ನು ಉಜ್ಜಿ ತೆಗೆದರೆ ಮಾಸಿದ ಅಕ್ಷರಗಳೂ ಅದರೊಡನೆ ಹೋಗುತ್ತವೆ. ಸಿಕ್ಕಿದ ಸ್ಥಳ, ಉದ್ದ, ಬಾಯಿಯ ಅಗಲ, ಗುರುತುಗಳು, ಇವನ್ನು ಮೊದಲು ದಾಖಲಿಸಬೇಕು. ಸ್ಥಳದಿಂದ ಕಿತ್ತು ಮಾರಿದ ಪಿರಂಗಿ ಶಾಸನವಿಲ್ಲದ ಕಲ್ಲಿನಂತೆ, ತೂಕವುಂಟು, ಮಾತಿಲ್ಲ.