ಸೀನ್ ನದಿಯ ಮೇಲೆ ಇಬ್ಬರ ಸಂಜೆ

ಪರದೇಶ ಪ್ರವಾಸಕ್ಕೆ ಹೊರಟ ದಂಪತಿಗಳಿಗೆ ಎಲ್ಲವೂ ದೊರೆಯುತ್ತದೆ; ಇಬ್ಬರೂ ಕೂಡಿ ಸಾವಕಾಶವಾಗಿ ನಡೆಯಬಲ್ಲ ಒಂದು ಸಂಜೆ ಮಾತ್ರ ದೊರೆಯುವುದಿಲ್ಲ. ಪ್ಯಾರಿಸ್ ನಗರಕ್ಕೆ ಹೋದವರ ಪಾಡಂತೂ ಹೇಳತೀರದು. ಬೆಳಗ್ಗೆ ಐಫೆಲ್ ಗೋಪುರ, ಮಧ್ಯಾಹ್ನ ಚಿತ್ರಶಾಲೆ, ಸಂಜೆ ಅಂಗಡಿ ಬೀದಿ. ನೋಡಬೇಕಾದುದರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಗಂಡ ಮುಂದೆ ಓಡುತ್ತಾನೆ, ಹೆಂಡತಿ ಹಿಂದೆ ಓಡುತ್ತಾಳೆ. ಊರಿಗೆ ಮರಳಿದ ಮೇಲೆ ಭಾವಚಿತ್ರಗಳನ್ನು ನೋಡಿ, ನಾವಿಬ್ಬರೂ ಅಲ್ಲಿದ್ದೆವು ಎಂಬುದನ್ನು ನೆನಪು ಮಾಡಿಕೊಳ್ಳಬೇಕಾಗುತ್ತದೆ!

ಅಂಥವರಿಗಾಗಿ ಒಂದು ಸಣ್ಣ ಸಂಚಾರದ ಯೋಜನೆಯನ್ನು ಇಲ್ಲಿ ಕೊಟ್ಟಿದೆ. ಇದರ ದೂರ ಸುಮಾರು ಒಂದು ಕಿಲೋಮೀಟರು. ಟಿಕೆಟ್ಟಿನ ಖರ್ಚಿಲ್ಲ, ಮಾರ್ಗದರ್ಶಿಯ ಗೊಡವೆಯಿಲ್ಲ. ಇದರ ನಡುವೆ ಇರುವುದು ಒಂದು ಕಾಲುಸೇತುವೆ. ಫ್ರೆಂಚರು ಅದನ್ನು ಪೋಂ ದೇಜಾರ್ ಎನ್ನುತ್ತಾರೆ. ಕಲೆಗಳ ಸೇತುವೆ ಎಂದರ್ಥ. ಸೇತುವೆಯ ಒಂದು ತುದಿಗಿರುವ ಲೂವ್ರ್ ಅರಮನೆಗೆ ಆ ಕಾಲದಲ್ಲಿ ಕಲೆಗಳ ಅರಮನೆ ಎಂಬ ಹೆಸರಿತ್ತು. ಆ ಹೆಸರೇ ಸೇತುವೆಗೂ ಅಂಟಿಕೊಂಡಿತು.

ಮೊದಲು ಹೊತ್ತಿನ ವಿಚಾರ. ನಮ್ಮೂರಿನಂತೆ ಅಲ್ಲಿ ವರ್ಷವಿಡೀ ಆರೂವರೆಗೆ ಸೂರ್ಯ ಮುಳುಗುವುದಿಲ್ಲ. ಜೂನ್ ಕೊನೆಯಲ್ಲಿ ಸೂರ್ಯಾಸ್ತವಾಗುವುದು ರಾತ್ರಿ ಹತ್ತು ಗಂಟೆಯ ಸುಮಾರಿಗೆ. ಡಿಸೆಂಬರಿನಲ್ಲಾದರೋ ಐದು ಗಂಟೆಗೆ ಮೊದಲೇ ಕತ್ತಲೆ ಕವಿಯತೊಡಗುತ್ತದೆ. ಸೆಪ್ಟೆಂಬರ್ ನಡುವಿನಲ್ಲಿ ಹೋದರೆ ಸುಮಾರು ಎಂಟು ಗಂಟೆಗೆ ಸೂರ್ಯಾಸ್ತ. ಬಿಸಿಲೂ ಹಿತ, ಚಳಿಯೂ ಹಿತ. ಅಸ್ತಮಾನಕ್ಕೆ ಒಂದು ಗಂಟೆ ಮೊದಲು ಹೊರಟರೆ ಸಾಕು. ಸೋನೆ ಮಳೆಗೆ ಹೆದರಿ ಕೋಣೆಯಲ್ಲಿ ಕೂಡಬೇಡಿ, ಕೊಡೆಯೊಂದನ್ನು ಒಯ್ಯಿರಿ. ಎರಡು ಬೇಕಿಲ್ಲ.

ಲೂವ್ರ್ ಅರಮನೆಯ ಪೂರ್ವಭಾಗದಲ್ಲಿರುವ ಚೌಕಾಕಾರದ ಅಂಗಳದಿಂದ ನಡಿಗೆ ಆರಂಭವಾಗಲಿ. ಗಾಜಿನ ಪಿರಮಿಡ್ಡಿನ ಬಳಿಯ ಗದ್ದಲ ಇಲ್ಲಿಗೆ ಅಷ್ಟಾಗಿ ಕೇಳಿಸುವುದಿಲ್ಲ. ದಕ್ಷಿಣದ ಕಮಾನುಬಾಗಿಲನ್ನು ದಾಟಿ ಹೊರಗೆ ಬಂದರೆ ನದೀತೀರದ ರಸ್ತೆ. ರಸ್ತೆ ದಾಟಿದರೆ ಸೇತುವೆಯೇ ಎದುರಾಗುತ್ತದೆ. ಅದರಾಚೆ, ನದಿಯ ಎಡದಂಡೆಯಲ್ಲಿ, ಫ್ರೆಂಚ್ ಅಕಾಡೆಮಿ ಸಭೆ ಸೇರುವ ವಿದ್ಯಾಸಂಸ್ಥೆಯ ಗುಮ್ಮಟ ಕಾಣಿಸುತ್ತದೆ.

ಸೇತುವೆಯ ಮೇಲೆ ಕಾಲಿಟ್ಟೊಡನೆ ಒಂದು ವ್ಯತ್ಯಾಸ ಅರಿವಿಗೆ ಬರುತ್ತದೆ. ಕಾಲಡಿಯಲ್ಲಿ ಕಲ್ಲೂ ಇಲ್ಲ, ಡಾಂಬರೂ ಇಲ್ಲ, ಮರದ ಹಲಗೆ. ಮೋಟಾರು ಗಾಡಿಗಳಿಗೆ ಇಲ್ಲಿ ಪ್ರವೇಶವಿಲ್ಲ. ನೆಪೋಲಿಯನ್ನನ ಆಳ್ವಿಕೆಯಲ್ಲಿ, 1804ರ ಹೊತ್ತಿಗೆ, ಇದು ಮೊದಲು ಸಿದ್ಧವಾದಾಗ ಪ್ಯಾರಿಸ್ಸಿಗೆ ಇದೇ ಮೊದಲ ಲೋಹದ ಸೇತುವೆ: ಎರಕದ ಕಬ್ಬಿಣದ ಒಂಬತ್ತು ಕಮಾನುಗಳು. ಅದರ ಮೇಲೆ ಗಿಡಗಳ ಕುಂಡಗಳನ್ನೂ ಬೆಂಚುಗಳನ್ನೂ ಇಟ್ಟಿದ್ದರು. ದಾಟಲು ಒಂದು ಸೂ ಎಂಬ ಚಿಕ್ಕ ನಾಣ್ಯವನ್ನು ಸುಂಕವಾಗಿ ತೆರಬೇಕಾಗಿತ್ತು. ನೀರಿನ ಮೇಲೊಂದು ತೋಟ ಮಾಡಿ, ಜನರು ಅಲ್ಲಿ ಕುಳಿತು ವಿಶ್ರಮಿಸಲಿ ಎಂದೇ ಕಟ್ಟಿದ ಸೇತುವೆಯಿದು. ಬೇಗ ದಾಟಿಹೋಗಬೇಕೆಂಬ ಆತುರದವರಿಗೆ ನಗರದಲ್ಲಿ ಬೇರೆ ಸೇತುವೆಗಳಿವೆ.

ಸೇತುವೆಯ ನಡುವೆ ನಿಂತು ಪೂರ್ವಕ್ಕೆ ಮುಖಮಾಡಿರಿ. ಎಲ್ಲರೂ ಮುಳುಗುವ ಸೂರ್ಯನ ಕಡೆ ತಿರುಗಿ ನಿಲ್ಲುವರು. ನೀವು ಸೂರ್ಯನಿಗೆ ಬೆನ್ನು ಹಾಕಿರಿ. ಆಗ ಪ್ಯಾರಿಸ್ ಹುಟ್ಟಿದ ದ್ವೀಪವು ಹೊಂಬಿಸಿಲನ್ನು ಹೊದ್ದು, ಹಡಗಿನ ಮೂತಿಯಂತೆ ನದಿಯನ್ನು ಸೀಳಿಕೊಂಡು ನಿಮ್ಮತ್ತಲೇ ಬರುತ್ತಿರುವಂತೆ ತೋರುತ್ತದೆ. ಅದರ ತುದಿಯಲ್ಲಿ ಮರಗಳ ಹಸುರು, ಹಿಂದೆ ಹಳೆಯ ಕಲ್ಲುಸೇತುವೆ, ಅದರ ಹಿಂದೆ ನೋತ್ರ್ ದಾಮ್ ದೇವಾಲಯದ ಗೋಪುರಗಳು. 2019ರ ಏಪ್ರಿಲ್ 15ರಂದು ಬೆಂಕಿಗೆ ಚಾವಣಿಯನ್ನೂ ಶಿಖರವನ್ನೂ ಕಳೆದುಕೊಂಡಿದ್ದ ಆ ದೇವಾಲಯ ಪುನರ್ನಿರ್ಮಾಣಗೊಂಡು 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು.

ನೀವು ನಿಂತಿರುವ ಸೇತುವೆಯೂ ಒಮ್ಮೆ ಬಿದ್ದು ಎದ್ದದ್ದೇ. ಎರಡು ಮಹಾಯುದ್ಧಗಳ ಬಾಂಬುಗಳು, ಮತ್ತೆ ಮತ್ತೆ ಬಂದು ಬಡಿದ ದೋಣಿಗಳು, ಇವುಗಳ ಪೆಟ್ಟಿನಿಂದ ಹಳೆಯ ಕಬ್ಬಿಣ ಜರ್ಝರಿತವಾಗಿತ್ತು. 1977ರಲ್ಲಿ ಸೇತುವೆಯನ್ನು ಮುಚ್ಚಿದರು. 1979ರಲ್ಲಿ ಸರಕಿನ ದೋಣಿಯೊಂದು ಢಿಕ್ಕಿ ಹೊಡೆದು ಅದರ ಸುಮಾರು ಅರವತ್ತು ಮೀಟರಿನಷ್ಟು ಭಾಗ ಕುಸಿಯಿತು. 1981ರಿಂದ 1984ರವರೆಗೆ, ಹಳೆಯ ರೂಪವನ್ನೇ ಬಹುಮಟ್ಟಿಗೆ ಉಳಿಸಿಕೊಂಡು, ಉಕ್ಕಿನಿಂದ ಮತ್ತೆ ಕಟ್ಟಿದರು. ದೋಣಿಗಳು ಸರಾಗವಾಗಿ ಸಾಗಲೆಂದು ಒಂಬತ್ತು ಕಮಾನುಗಳ ಬದಲು ಏಳನ್ನಿಟ್ಟರು. ಈಗ ಅದರ ಉದ್ದ 155 ಮೀಟರು.

ಇಷ್ಟೆಲ್ಲ ತಾಳಿಕೊಂಡ ಸೇತುವೆಗೆ ಮುಂದೆ ಪ್ರೇಮಿಗಳಿಂದಲೇ ಸಂಕಟ ಬಂದಿತು! 2006ರಲ್ಲಿ ಇಟಲಿಯ ಫೆದೆರಿಕೊ ಮೊಚ್ಚಿಯಾ ಎಂಬ ಲೇಖಕರ ಕಾದಂಬರಿಯೊಂದು ಹೊರಬಂದಿತು. ಅದರಲ್ಲಿ ಪ್ರೇಮಿಗಳು ರೋಮ್ ನಗರದ ಸೇತುವೆಯೊಂದರ ಮೇಲೆ ಬೀಗ ಹಾಕಿ ಬೀಗದ ಕೈಯನ್ನು ನದಿಗೆ ಎಸೆಯುತ್ತಾರೆ. ಈ ಪದ್ಧತಿ ಊರಿಂದೂರಿಗೆ ಹಬ್ಬಿತು. 2008ರ ಸುಮಾರಿಗೆ ಪ್ಯಾರಿಸ್ಸಿಗೂ ಬಂದು ಈ ಸೇತುವೆಯ ತಂತಿಜಾಲರಿಯನ್ನು ಹಿಡಿಯಿತು. ಹೆಸರು ಬರೆದ ಬೀಗಗಳು, ಬೀಗದ ಮೇಲೆ ಬೀಗಗಳು, ಕೊನೆಗೆ ನದಿಯೇ ಕಾಣದಷ್ಟು ಬೀಗಗಳು. 2014ರ ಜೂನಿನಲ್ಲಿ ಜಾಲರಿಯ ಒಂದು ಭಾಗ ಭಾರಕ್ಕೆ ಕುಸಿದುಬಿದ್ದಿತು. 2015ರ ಜೂನ್ 1ರಂದು ನಗರಾಡಳಿತವು ಬೀಗಗಳನ್ನು ಕೀಳಿಸಲು ಆರಂಭಿಸಿತು. ಅವುಗಳ ಒಟ್ಟು ತೂಕ ಸುಮಾರು 45 ಟನ್ ಎಂದು ಆಗ ಅಂದಾಜು ಮಾಡಿದರು. ಅರವತ್ತು ಕಿಲೋ ತೂಗುವ ಏಳುನೂರೈವತ್ತು ಮಂದಿ ಹಗಲಿರುಳೂ ಕದಲದೆ ಜಾಲರಿಗೆ ಜೋತುಬಿದ್ದರೆ ಎಷ್ಟೋ, ಅಷ್ಟು ಭಾರ! ಈಗ ಜಾಲರಿಯ ಜಾಗದಲ್ಲಿ ಗಾಜಿನ ಫಲಕಗಳಿವೆ. ಬೀಗ ಸಿಕ್ಕಿಸಲು ಸಂದಿಲ್ಲ. ಕಿತ್ತ ಬೀಗಗಳಲ್ಲಿ ಒಂದಷ್ಟನ್ನು 2017ರಲ್ಲಿ ಹರಾಜು ಹಾಕಿದಾಗ ಸುಮಾರು ಎರಡೂವರೆ ಲಕ್ಷ ಯೂರೋ ಕೂಡಿತು. ಆ ಹಣ ನಿರಾಶ್ರಿತರ ನೆರವಿಗೆ ಹೋಯಿತು.

ಇದನ್ನು ಓದಿ ನಗುವ ಹಕ್ಕು ನಮಗಿಲ್ಲ. ಮಗುವಿಗಾಗಿ ಹರಕೆ ಹೊತ್ತು ಗುಡಿಯ ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟುವವರು ನಾವು. ಇಷ್ಟಾರ್ಥಕ್ಕಾಗಿ ದಾರ ಸುತ್ತುವವರೂ ನಾವೇ. ಬಾಳಿನಲ್ಲಿ ಯಾವುದು ಕೈತಪ್ಪೀತೆಂಬ ಅಳುಕುಂಟೋ ಅದನ್ನು ಎಲ್ಲಿಯಾದರೂ ಕಟ್ಟಿಬಿಡಬೇಕೆಂದು ಮನುಷ್ಯನಿಗೆ ಅನ್ನಿಸುವುದು ಸಹಜ. ಪ್ರೀತಿಯ ವಿಷಯದಲ್ಲಿ ಆ ಅಳುಕು ಇನ್ನೂ ಹೆಚ್ಚು.

ಆದರೆ ನಮ್ಮ ಮದುವೆಯ ಮಂಟಪದಲ್ಲಿ ಕಟ್ಟುವುದರೊಡನೆ ಮತ್ತೊಂದು ವಿಧಿಯೂ ಇದೆಯಷ್ಟೆ. ಅದು ಸಪ್ತಪದಿ. ಅಗ್ನಿಸಾಕ್ಷಿಯಾಗಿ ಇಬ್ಬರೂ ಕೂಡಿ ಏಳು ಹೆಜ್ಜೆ ಇಡಬೇಕು. 1955ರ ಹಿಂದೂ ವಿವಾಹ ಕಾಯಿದೆ ಕೂಡ ಈ ವಿಧಿಯನ್ನು ಆಚರಿಸುವವರಿಗೆ ಏಳನೆಯ ಹೆಜ್ಜೆ ಇಟ್ಟಾಗಲೇ ವಿವಾಹ ಪೂರ್ಣವಾಯಿತೆಂದು ಹೇಳುತ್ತದೆ. ಮದುವೆಯಾಗಿ ಹತ್ತಿಪ್ಪತ್ತು ವರ್ಷ ಕಳೆದವರು ತಮ್ಮನ್ನೇ ಕೇಳಿಕೊಳ್ಳಲಿ: ಕಟ್ಟಿದ್ದು ಭದ್ರವಾಗಿಯೇ ಇದೆ, ಕೂಡಿ ನಡೆದದ್ದು ಕಡೆಯ ಬಾರಿಗೆ ಯಾವಾಗ? ಕಚೇರಿ, ಮಕ್ಕಳ ಪರೀಕ್ಷೆ, ಹಿರಿಯರ ಔಷಧಿ, ಸಾಲದ ಕಂತು, ಇವುಗಳ ನಡುವೆ ಇಬ್ಬರೂ ಅವರವರ ದಾರಿಯಲ್ಲಿ ಓಡಿದ್ದೇ ಹೆಚ್ಚು. ಈ ಸೇತುವೆ ನಡೆಯುವವರ ಭಾರ ಹೊರಲು ಕಟ್ಟಿದ್ದು. ಎಷ್ಟು ಸಾವಿರ ಜೋಡಿಗಳು ಜೊತೆಯಾಗಿ ದಾಟಿದರೂ ಅದು ಹೊರುತ್ತದೆ. ಅದರ ಜಾಲರಿಗೆ ತಾಳಲಾಗದೆ ಹೋದದ್ದು, ಬಿಟ್ಟುಹೋದವರ ಗುರುತುಗಳ ಭಾರವನ್ನು.

ಇಲ್ಲಿ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತು, ಎಡದಂಡೆಗೆ ಇಳಿದು ಎಡಕ್ಕೆ ತಿರುಗಿರಿ. ಜನಸಂದಣಿಯಲ್ಲಿ ಜೇಬುಗಳ್ಳರೂ ಇರುವುದರಿಂದ ಕೈಚೀಲದ ಮೇಲೆ ಒಂದು ಕಣ್ಣಿರಲಿ. ನದೀತೀರದ ಗೋಡೆಯ ಮೇಲೆ ಹಳೆಯ ಪುಸ್ತಕ ಮಾರುವವರ ಹಸುರು ಪೆಟ್ಟಿಗೆಗಳು ಸಾಲಾಗಿ ಕುಳಿತಿವೆ. ಮಬ್ಬಾಗುವ ಮೊದಲು ತಲುಪಿದರೆ ಕೆಲವಾದರೂ ತೆರೆದಿರುತ್ತವೆ. ಫ್ರೆಂಚ್ ಬಾರದಿದ್ದರೇನು, ಹಳೆಯ ಭೂಪಟಗಳನ್ನೂ ಚಿತ್ರಗಳನ್ನೂ ನೋಡಬಹುದು.

ಐದಾರು ನಿಮಿಷ ನಡೆದರೆ ಪೋಂ ನಫ್ ಸಿಗುತ್ತದೆ. ಹೊಸ ಸೇತುವೆ ಎಂದು ಅದರ ಹೆಸರಿನ ಅರ್ಥ. ಆದರೆ ಇಂದು ಪ್ಯಾರಿಸ್ಸಿನಲ್ಲಿ ಉಳಿದಿರುವ ಸೇತುವೆಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. 1578ರಲ್ಲಿ ಆರಂಭಿಸಿ 1607ರಲ್ಲಿ ಮುಗಿಸಿದರು. ಅದರ ನಡುವೆ, ದ್ವೀಪದ ಮೇಲೆ, ನಾಲ್ಕನೆಯ ಹೆನ್ರಿ ದೊರೆಯ ಕುದುರೆ ಸವಾರಿಯ ಪ್ರತಿಮೆಯಿದೆ. ಮೊದಲ ಪ್ರತಿಮೆಯನ್ನು 1792ರಲ್ಲಿ ಕ್ರಾಂತಿಕಾರರು ಉರುಳಿಸಿದರು, ಈಗಿರುವುದು 1818ರದು. ಪ್ರತಿಮೆಯ ಹಿಂದಿನ ಮೆಟ್ಟಿಲುಗಳನ್ನು ಇಳಿದರೆ ದ್ವೀಪದ ಚೂಪು ತುದಿಯಲ್ಲೊಂದು ಚಿಕ್ಕ ತೋಟ. ಅದಕ್ಕೆ ವೇರ್ ಗಲಾಂ ಎಂದು ಹೆಸರು. ಮುಪ್ಪಿನಲ್ಲಿಯೂ ಪ್ರಣಯ ಬಿಡದ ರಸಿಕನೆಂದು ಜನರು ಆ ದೊರೆಗೆ ಇಟ್ಟಿದ್ದ ಅಡ್ಡಹೆಸರದು! ತೋಟವು ಸುತ್ತಣ ನೆಲಕ್ಕಿಂತ ಸುಮಾರು ಏಳು ಮೀಟರು ತಗ್ಗಿನಲ್ಲಿದೆ. ಪುರಾತನ ಕಾಲದಲ್ಲಿ ದ್ವೀಪದ ಮಟ್ಟ ಅಷ್ಟೇ ಇತ್ತು. ನದಿಯಲ್ಲಿ ನೆರೆ ಬಂದಾಗ ಮುಳುಗುವುದೂ ಉಂಟು. ನೀರು ಎರಡು ಕಡೆಯಿಂದ ಹರಿದುಬಂದು ನಿಮ್ಮ ಪಾದಗಳ ಮುಂದೆ ಒಂದಾಗುವುದನ್ನು ಇಲ್ಲಿ ಕುಳಿತು ನೋಡಬಹುದು.

ಕತ್ತಲಾದ ಮೇಲೆ ದೂರದಲ್ಲಿ ಕಲೆಗಳ ಸೇತುವೆಯ ದೀಪಗಳು ಕಾಣುತ್ತವೆ. ಬಂದ ದಾರಿಯಲ್ಲೇ ಮರಳಿ ಅದನ್ನು ಇನ್ನೊಮ್ಮೆ ದಾಟಿರಿ. ಕೆಳಗೆ ಏಳು ಕಮಾನುಗಳಿವೆ. ಆ ಎಣಿಕೆ ಬರಿಯ ಆಕಸ್ಮಿಕ, ಎಂಜಿನಿಯರರಿಗೆ ನಮ್ಮ ಮಂಟಪದ ವಿಚಾರ ತಿಳಿದಿರಲಿಲ್ಲ. ಆದರೂ ಕಮಾನಿಗೊಂದರಂತೆ ಎಣಿಸುತ್ತ, ಮುಂದೆ ಹೋದವರು ಹಿಂದಿದ್ದವರಿಗಾಗಿ ಕಾದು, ಹೆಜ್ಜೆ ಕೂಡಿಸಿಕೊಂಡು ದಾಟಿದರೆ ತಪ್ಪೇನಿಲ್ಲ. ಅಷ್ಟು ದೂರ ಹೋಗುವ ಅನುಕೂಲವಿಲ್ಲದವರು ನಿರಾಶರಾಗಬೇಕಿಲ್ಲ. ನಾಳೆ ಸಂಜೆ ತಮ್ಮೂರಿನ ಕೆರೆಯ ಏರಿಯ ಮೇಲೆ ನಡೆದುಬರಲಿ.