ಹಳೆಯ ಜೀಪಿನ ಚುಕ್ಕಾಣಿ

ನಮ್ಮ ಮನೆಯ ಜೀಪು ಮಹೀಂದ್ರಾ ಎಂಎಂ 540. ತಂದೆಯವರು 1988ರಲ್ಲಿ ಕೊಂಡದ್ದು. ನಾಲ್ಕೂ ಗಾಲಿಗಳಿಗೆ ಎಂಜಿನಿನ ಶಕ್ತಿ ಹರಿಯುವ ಗಾಡಿಯಾದುದರಿಂದ, ಲೋಕಾಪುರದ ಸುತ್ತಲಿನ ಎರೆಭೂಮಿಯಲ್ಲಿ, ಮಳೆಗಾಲದ ಜಿಗುಟು ಕೆಸರಿನಲ್ಲಿಯೂ ಅದು ಹೊಲದ ಬದುವಿನವರೆಗೆ ಹೋಗಿ ಮರಳುತ್ತಿತ್ತು. ತಂದೆಯವರ ತರುವಾಯ ಅದನ್ನು ಮಾರಲು ನನಗೆ ಮನಸ್ಸಾಗಲಿಲ್ಲ. ಹದಿನೈದು ವರ್ಷ ಕಳೆದ ಖಾಸಗಿ ವಾಹನವನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಿ ನೋಂದಣಿ ನವೀಕರಿಸಬೇಕು. ಅದನ್ನು ತಪ್ಪದೆ ಮಾಡಿಸಿಕೊಂಡು ಬಂದಿದ್ದೇನೆ. ಇಷ್ಟಾದರೆ ನನ್ನ ಜವಾಬ್ದಾರಿ ಮುಗಿಯಿತೆಂಬ ಸಮಾಧಾನವೂ ನನಗಿತ್ತು.

ಕೆಲವು ವರ್ಷಗಳ ಹಿಂದೆ, ಕಬ್ಬಿನ ಹಂಗಾಮಿನಲ್ಲಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಹೊಲಕ್ಕೆ ಹೊರಟಿದ್ದೆ. ಡಾಂಬರು ರಸ್ತೆ ಬಿಟ್ಟು ಗಾಡಿದಾರಿಗೆ ಇಳಿದು, ಮನುಷ್ಯ ನಡೆಯುವಷ್ಟೇ ವೇಗದಲ್ಲಿ ತಿರುವು ತೆಗೆದುಕೊಳ್ಳುತ್ತಿರುವಾಗ ಮುಂದೆ ‘ಟಕ್’ ಎಂಬ ಶಬ್ದವಾಯಿತು. ಕೈಯಲ್ಲಿದ್ದ ಚಕ್ರ ತಿರುಗಿತು. ಒಂದು ಗಾಲಿ ಮಾತ್ರ ತಿರುಗಲಿಲ್ಲ. ಜೀಪು ತನ್ನ ಇಚ್ಛೆಯಂತೆ ಕಬ್ಬಿನೊಳಗೆ ನುಗ್ಗಿ ನಿಂತಿತು. ಇಳಿದು ನೋಡಿದರೆ ಮುಂದಿನ ಎರಡು ಗಾಲಿಗಳು ಎರಡು ದಿಕ್ಕಿಗೆ ಮುಖಮಾಡಿದ್ದವು. ಮೊಮ್ಮಗಳು ನಗುತ್ತಿದ್ದಳು. ನನಗೆ ಮಾತ್ರ ಹತ್ತು ನಿಮಿಷದ ಹಿಂದೆ ನಾವು ದಾಟಿ ಬಂದ ಮುಧೋಳ ರಸ್ತೆಯ ನೆನಪಾಗಿ ಕಾಲು ನಡುಗಿದವು. ಎರಡೆರಡು ಟ್ರೇಲರ್ ಹೂಡಿದ ಕಬ್ಬಿನ ಟ್ರ್ಯಾಕ್ಟರುಗಳು, ಅವುಗಳ ಅಂಚಿನಲ್ಲಿ ಶಾಲೆಗೆ ಹೊರಟ ಮಕ್ಕಳು.

ಮಿಸ್ತ್ರಿ ಬಂದು ಕೆಳಗೆ ಮಲಗಿ ನೋಡಿದನು. ಟೈ ರಾಡಿನ ತುದಿಯ ಬಾಲ್ ಜಾಯಿಂಟು ಗೂಡಿನಿಂದ ಕಳಚಿ ಬಂದಿತ್ತು. ಚುಕ್ಕಾಣಿಯ ಪೆಟ್ಟಿಗೆಯಿಂದ ಹೊರಟ ಚಲನೆಯನ್ನು ಗಾಲಿಗೆ ಒಯ್ಯುವುದು ಡ್ರ್ಯಾಗ್ ಲಿಂಕು. ಎರಡು ಮುಂಗಾಲಿಗಳನ್ನು ಜೋಡಿಸಿ ಒಟ್ಟಿಗೆ ತಿರುಗಿಸುವುದು ಟೈ ರಾಡು. ಇವುಗಳ ತುದಿಯಲ್ಲಿ, ನಿಂಬೆಹಣ್ಣಿಗಿಂತಲೂ ಸಣ್ಣದಾದ ಉಕ್ಕಿನ ಗುಂಡು ಗೂಡಿನಲ್ಲಿ ಕುಳಿತು ಎಲ್ಲ ದಿಕ್ಕಿಗೂ ಹೊರಳುತ್ತದೆ. ಗಾಡಿಯಲ್ಲಿ ಕುಳಿತವರ ಮತ್ತು ರಸ್ತೆಯಲ್ಲಿ ನಡೆಯುವವರ ಪ್ರಾಣ ಆ ಗುಂಡನ್ನು ನಂಬಿರುತ್ತದೆ.

“ಅಣ್ಣಾರ, ಎಂಜಿನ್ ಕೆಟ್ರ ಗಾಡಿ ನಿಂದರತೈತಿ. ಇದು ಕೆಟ್ರ ಗಾಡಿ ನಿಂದ್ರಂಗಿಲ್ಲರಿ,” ಎಂದು ಮಿಸ್ತ್ರಿ ಹೇಳಿದನು.

ಕಳಚಿದ ಆ ತುಂಡನ್ನು ಹಾಕಿಸಿ ಎಂಟು ತಿಂಗಳಷ್ಟೇ ಆಗಿತ್ತು. ಅದರ ಡಬ್ಬಿ ಜೀಪಿನ ಪೆಟ್ಟಿಗೆಯಲ್ಲಿಯೇ ಇತ್ತು. ಹೆಸರಾಂತ ಕಂಪನಿಯ ಮುದ್ರೆ, ಅದೇ ಬಣ್ಣ, ಅದೇ ಅಕ್ಷರ. ಆದರೆ ಒಳಗಿನ ಲೋಹದ ಮೇಲೆ ಯಾವ ಗುರುತೂ ಇರಲಿಲ್ಲ, ತಯಾರಿಕೆಯ ಸಂಖ್ಯೆಯೂ ಇರಲಿಲ್ಲ. ಮಿಸ್ತ್ರಿ ಮೊದಲು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡಿದವನು. ಬಣ್ಣವನ್ನು ಕೆರೆದು, ಒರಟಾದ ಮರಳುಮೈಯನ್ನು ತೋರಿಸಿ, ಇದು ಎರಕ ಹೊಯ್ದದ್ದು ಎಂದನು. ಇಂಥ ಭಾಗವನ್ನು ಕಾಯಿಸಿದ ಉಕ್ಕನ್ನು ಬಡಿದು ಮಾಡಬೇಕು. ಬಡಿದ ಉಕ್ಕು ಅತಿಯಾದ ಪೆಟ್ಟಿಗೆ ಮೊದಲು ಬಾಗಿ ಎಚ್ಚರಿಕೆ ಕೊಡುತ್ತದೆ. ಅಗ್ಗದ ಎರಕದ ಕಬ್ಬಿಣವಾದರೋ ಸೂಚನೆಯನ್ನೇ ಕೊಡದೆ ಒಡೆಯುತ್ತದೆ. ಇದರಲ್ಲಿ ಗೂಡಿನ ಬಾಯಂಚೇ ಸಿಡಿದು ಹೋಗಿತ್ತು.

ಇಲ್ಲಿ ನಾನು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಾನು ಮೋಸಹೋದೆನೆಂದು ಹೇಳಿದರೆ ಅದು ಅರ್ಧಸತ್ಯ. ಆ ದಿನ ಅಂಗಡಿಯವರು ಎರಡು ಡಬ್ಬಿಗಳನ್ನು ಮುಂದಿಟ್ಟಿದ್ದರು. ಒಂದರ ಬೆಲೆ ಇನ್ನೊಂದರ ಅರ್ಧಕ್ಕಿಂತಲೂ ಕಡಿಮೆ. ಮುದ್ರೆ ಎರಡರ ಮೇಲೆಯೂ ಒಂದೇ. ಒಂದೇ ಕಂಪನಿ ಒಂದೇ ವಸ್ತುವನ್ನು ಎರಡು ಬೆಲೆಗೆ ಮಾರುವುದೇಕೆ ಎಂದು ಕೇಳುವಷ್ಟು ಬುದ್ಧಿ ನನಗಿತ್ತು. ನಾನು ಕೇಳಲಿಲ್ಲ.

ನಮ್ಮ ಶ್ರಾವಕಾಚಾರದ ಗ್ರಂಥಗಳು ಇದನ್ನು ಬಲ್ಲವು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಪ್ರತಿರೂಪಕ ವ್ಯವಹಾರವನ್ನು ಹೆಸರಿಸುತ್ತದೆ. ಸಮಂತಭದ್ರರು ರತ್ನಕರಂಡಕದಲ್ಲಿ ಅದೇ ಜಾತಿಯ ದೋಷವನ್ನು ಸದೃಶಸನ್ಮಿಶ್ರವೆಂದು ಕರೆದರು. ತುಪ್ಪಕ್ಕೆ ಎಣ್ಣೆ ಬೆರೆಸುವವನ ಉದಾಹರಣೆಯನ್ನು ಪ್ರವಚನಗಳಲ್ಲಿ ಕೇಳಿ ಬೆಳೆದವನಿಗೆ, ಬಾಲ್ ಜಾಯಿಂಟಿನ ಡಬ್ಬಿಯಲ್ಲಿಯೂ ಅದೇ ಇದೆಯೆಂದು ಹೊಳೆಯಲಿಲ್ಲ. ಅತಿಚಾರ ಮಾರುವವನದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಅದೇ ಪಟ್ಟಿಯಲ್ಲಿ ಕದ್ದ ಮಾಲನ್ನು ಸ್ವೀಕರಿಸುವುದೂ ಇದೆ. ಅದು ಕೊಳ್ಳುವವನ ಕೈಯ ದೋಷ. ತಪ್ಪಿನ ಬೆಲೆಯನ್ನು ನಾನೊಬ್ಬನೇ ತೆರುವುದಾದರೆ ಅದು ನನ್ನ ಜಿಪುಣತನವಾಗುತ್ತಿತ್ತು. ಉಳಿದ ಹಣ ನನ್ನ ಜೇಬಿಗೆ ಬಂದು, ಅಪಾಯ ಮಾತ್ರ ರಸ್ತೆಯಂಚಿನಲ್ಲಿ ನಡೆಯುವ ಮಗುವಿನ ಪಾಲಿಗೆ ಹೋಗಿತ್ತು.

ಆಮೇಲಿನ ಆಯ್ಕೆಗೆ ಹದಿನೈದು ದಿನ ಹಿಡಿಯಿತು. ಹಳೆಯ ಗಾಡಿ ಇಟ್ಟುಕೊಂಡವರಿಗೆ, ಮುಖ್ಯವಾಗಿ ಸಂಸ್ಥೆಯ ವಾಹನಗಳ ಹೊಣೆ ಹೊತ್ತ ಟ್ರಸ್ಟಿನವರಿಗೆ, ಉಪಯೋಗವಾದೀತೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮೊದಲು ಮಿಸ್ತ್ರಿ ಯಾವುದನ್ನೂ ಬಿಚ್ಚಲಿಲ್ಲ. ಕಳಚಿದ ತುದಿಯನ್ನು ತಾತ್ಪೂರ್ತಿಕವಾಗಿ ಬಿಗಿದು, ಗಾಲಿಗಳು ನೆಲದ ಮೇಲಿರುವಾಗಲೇ ನನ್ನಿಂದ ಚುಕ್ಕಾಣಿಯನ್ನು ಎಡಬಲಕ್ಕೆ ಅಲ್ಲಾಡಿಸಿ, ತಾನು ಒಂದೊಂದು ಜಾಯಿಂಟಿನ ಮೇಲೂ ಕೈಯಿಟ್ಟು ನೋಡಿದನು. ಎಲ್ಲಿ ಒಂದು ತುಂಡು ಚಲಿಸಿ, ಅದರ ಜೊತೆಗಾರ ಸುಮ್ಮನಿರುವುದೋ ಅಲ್ಲಿ ಸವೆತವಿದೆ. ಆ ಬಳಿಕ ಜ್ಯಾಕ್ ಹಾಕಿ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ಕಿಂಗ್ ಪಿನ್ನಿನ ಬೇರಿಂಗುಗಳನ್ನು ಪರೀಕ್ಷಿಸಿದನು. ಗುಂಡಿಗೆ ಬಿದ್ದೊಡನೆ ಮುಂಗಾಲಿಗಳು ತರತರ ನಡುಗುವುದಕ್ಕೆ ಕಾರಣ ಅನೇಕ ಸಲ ಅಲ್ಲಿರುತ್ತದೆ. ಹಲವರು ಆ ನಡುಕವನ್ನು ಅಡಗಿಸಲು ಸ್ಟೀರಿಂಗ್ ಡ್ಯಾಂಪರ್ ಕೂಡಿಸುತ್ತಾರೆ. ಸವೆದದ್ದನ್ನು ಬದಲಿಸದೆ ಅದನ್ನು ಹಾಕುವುದೆಂದರೆ ರೋಗಿಯ ಕೂಗು ಕೇಳದಂತೆ ಬಾಗಿಲು ಮುಚ್ಚಿದಂತೆ. (ನಮ್ಮ ಹುಡುಗರು ಅಂದಕ್ಕಾಗಿ ಅಗಲದ ಟೈರುಗಳನ್ನು ಹಾಕಿಸಿ, ಇದೇ ಜಾಯಿಂಟುಗಳ ಮೇಲೆ ಹೊರೆ ಹೆಚ್ಚಿಸುವುದನ್ನೂ ಕಾಣುತ್ತೇನೆ.)

ಗುಜರಿಯಲ್ಲಿ ಹಳೆಯ ಅಸಲಿ ಭಾಗ ಸಿಗುತ್ತದೆಂದು ಒಬ್ಬರು ಸೂಚಿಸಿದರು. ಅಸಲಿಯೇನೋ ಹೌದು. ಅದು ಎಷ್ಟು ಸವೆದಿದೆ, ಯಾವ ಅಪಘಾತದಲ್ಲಿ ಬಾಗಿ ಮತ್ತೆ ನೆಟ್ಟಗಾಗಿದೆ, ಯಾರ ಗಾಡಿಯಿಂದ ಬಂದಿದೆ ಎಂಬುದಕ್ಕೆ ಉತ್ತರವಿರಲಿಲ್ಲ. ನಮ್ಮ ಟೈ ರಾಡು ಅಲ್ಪ ಬಾಗಿತ್ತು. ಕಾಯಿಸಿ ನೆಟ್ಟಗೆ ಮಾಡೋಣವೆಂದದ್ದಕ್ಕೆ ಮಿಸ್ತ್ರಿ ಒಪ್ಪಲಿಲ್ಲ. ಕಾಯಿಸಿದ ಜಾಗದಲ್ಲಿ ಉಕ್ಕಿನ ಬಲ ಕುಂದುತ್ತದೆ. ಕಡೆಗೆ ಬಿಲ್ ಕೊಡುವ ಅಧಿಕೃತ ಮಾರಾಟಗಾರರಿಂದ ರಾಡನ್ನೂ ತುದಿಗಳನ್ನೂ ತರಿಸಿದೆವು. ರಾಡಿನ ಒಂದು ತುದಿಗೆ ಬಲ ಎಳೆ, ಇನ್ನೊಂದಕ್ಕೆ ಎಡ ಎಳೆ. ಆದುದರಿಂದಲೇ ರಾಡನ್ನು ತಿರುವಿ ಗಾಲಿಗಳ ಅಂತರವನ್ನು ಹೊಂದಿಸಲು ಬರುತ್ತದೆ. ಬೋಲ್ಟಿನ ಇಳುಕಲು ಮೈ ತೂತಿನೊಳಗೆ ಸರಿಯಾಗಿ ಕೂಡುವುದೋ ಇಲ್ಲವೋ ಎಂದು ನೋಡಲು ಮಿಸ್ತ್ರಿ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಸವರಿದನು. ಮಸಿ ಸುತ್ತಲೂ ಒಂದೇ ಸಮ ಹತ್ತಿದಾಗ ಅವನ ಮುಖ ಅರಳಿತು. ನಟ್ಟು ಬಿಗಿದ ಮೇಲೆ ಹಳೆಯ ಸ್ಪ್ಲಿಟ್ ಪಿನ್ನನ್ನು ಎಸೆದು ಹೊಸದನ್ನು ಹಾಕಿದನು. ಕೆಲವು ರೂಪಾಯಿಯ ತಂತಿ ಅದು.

ಬಾಕಿ ಉಳಿದದ್ದು ಅಂಗಡಿಯವರ ವಿಷಯ. ಅವರು ನಮ್ಮ ಸಮಾಜದವರೇ, ಬೀಗರ ಕಡೆಯಿಂದ ಸಂಬಂಧವೂ ಆಗಬೇಕು. ಊರು ಹೆಸರು ಬೇಡ. ಒಡೆದ ತುಂಡಿನ ಜೊತೆಗೆ, ಅಂದೇ ಕೊಂಡು ಇನ್ನೂ ಹಾಕಿಸದೆ ಇಟ್ಟಿದ್ದ ಇನ್ನೊಂದು ತುದಿಯನ್ನೂ ಒಯ್ದು ಅವರ ಮುಂದಿಟ್ಟೆ. ಅವರು ಜಗಳವಾಡಲಿಲ್ಲ. ಹಣವನ್ನು ಎಣಿಸಿ ಮೇಜಿನ ಮೇಲಿಟ್ಟು, “ಅಗ್ಗದ್ದು ಕೊಡ್ರಿ ಅಂತ ನೀವ ಕೇಳಿದ್ರೆಲ್ಲರಿ,” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಳಿಕ, ಹಾಕಿಸದೆ ಉಳಿದ ತುದಿಗಾಗಿ ಕೈ ಚಾಚಿದರು. ಅದು ಮರಳಿ ಕಪಾಟಿಗೆ ಹೋಗುವುದೆಂದು ಇಬ್ಬರಿಗೂ ಗೊತ್ತಿತ್ತು. ನಾನು ಹಣವನ್ನು ಅಲ್ಲಿಯೇ ಬಿಟ್ಟು ಎರಡೂ ತುಂಡುಗಳನ್ನು ಎತ್ತಿಕೊಂಡು ಬಂದೆ.

ಮಿಸ್ತ್ರಿಯ ಗ್ಯಾರೇಜಿನಲ್ಲಿ ಅವನ್ನೂ, ಸವೆದು ಬಿಚ್ಚಿದ ಹಳೆಯ ತುದಿಗಳನ್ನೂ ಗ್ಯಾಸ್ ಕಟರಿನಿಂದ ನಡುವೆ ಕತ್ತರಿಸಿಸಿದೆ. ಇಡಿಯಾಗಿ ಗುಜರಿಗೆ ಹಾಕಿದ್ದರೆ, ಕರಿಬಣ್ಣ ಬಳಿದುಕೊಂಡು ಯಾವುದಾದರೂ ಬಡ ರೈತನ ಗಾಡಿ ಸೇರುತ್ತಿದ್ದವೆಂದು ಮಿಸ್ತ್ರಿಯೇ ಎಚ್ಚರಿಸಿದ್ದನು.

ಆ ಅಂಗಡಿಯವರು ಮದುವೆ ಮುಂಜಿವೆಗಳಲ್ಲಿ ಈಗಲೂ ಭೇಟಿಯಾಗುತ್ತಾರೆ. ಕ್ಷೇಮ ಕೇಳುತ್ತೇವೆ, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡುತ್ತೇವೆ. ಜೀಪಿನ ಮಾತನ್ನು ಅವರೂ ತೆಗೆಯುವುದಿಲ್ಲ, ನಾನೂ ತೆಗೆದಿಲ್ಲ. ಕಳೆದ ತಿಂಗಳು ಅವರ ಅಂಗಡಿಯ ಮುಂದೆ ಹಾಯುವಾಗ ಕಪಾಟಿನ ಕಡೆಗೆ ಕಣ್ಣು ಹೋಯಿತು. ಅದೇ ಬಣ್ಣದ ಡಬ್ಬಿಗಳು ಇನ್ನೂ ಸಾಲಾಗಿ ನಿಂತಿದ್ದವು.